ನಗು ಕೇಳಿಬಂದ ಬಾಗಿಲು

ಪಿಯೋರಿಯಾ ನಗರದ ಸೋದರಿ ಸಂಘಗಳ ಇತಿಹಾಸವನ್ನು ಮುಂದೆ ಯಾರಾದರೂ ಬರೆಯಲು ಕುಳಿತರೆ ಅದರಲ್ಲಿ ಒಂದು ಅಧ್ಯಾಯವನ್ನು ಆಲೂಗಡ್ಡೆಗೆ ಮೀಸಲಿಡಬೇಕಾಗುತ್ತದೆ. ಮಹಾಯುದ್ಧಗಳೆಲ್ಲ ಹೆಣ್ಣು, ಹೊನ್ನು, ಮಣ್ಣಿನಿಂದ ಹುಟ್ಟಿದವು ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಈ ಪ್ರಕರಣ ಮಾತ್ರ ಚೀಸ್ ಸುರಿದು, ಮೇಲೆ ಕಾರ್ನ್‌ಫ್ಲೇಕ್ಸ್ ಉದುರಿಸಿ, ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆಯಿಂದ ಹುಟ್ಟಿತು.

ಆ ಆಲೂಗಡ್ಡೆಯ ಪಾತ್ರೆ ಏಪ್ರಿಲ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಕೆಂಡ್ರಾ ವೋಗೆಲ್ ಎಂಬ ಹುಡುಗಿಯ ಕೈಯಲ್ಲಿತ್ತು. ಕೆಂಡ್ರಾ ಚರ್ಚಿನ ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಿದ್ದಳು. ಟವೆಲ್ ಸುತ್ತಿದ್ದರೂ ಪಾತ್ರೆ ಅಂಗೈ ಸುಡುತ್ತಿತ್ತು. ಅದರ ಹಬೆ ಏರಿ ಕನ್ನಡಕಕ್ಕೆ ಮಂಜು ಹಿಡಿದಿತ್ತು.

ಅವಳು ಈ ಸಾಹಸಕ್ಕೆ ಇಳಿದದ್ದು ಒಬ್ಬ ಸ್ನೇಹಿತೆಗಾಗಿ. ಸ್ನೇಹಿತೆಯರಿಗಾಗಿ ಅಲ್ಲ, ಬಹುವಚನದ ಆಸೆಯನ್ನು ಅವಳು ಚಳಿಗಾಲದಲ್ಲೇ ಬಿಟ್ಟಿದ್ದಳು. ಕಾನ್ಸಸ್‌ನಲ್ಲಿ ಓದು ಮುಗಿಸಿ ವಿಮೆ ಕಂಪನಿಯೊಂದರ ಕೆಲಸ ಹಿಡಿದು ಪಿಯೋರಿಯಾಕ್ಕೆ ಬಂದ ಮೇಲೆ ಅವಳ ಜತೆ ದಿನವೂ ತಪ್ಪದೆ ಮಾತಾಡಿದ್ದು ದಿನಸಿ ಅಂಗಡಿಯ ಬಿಲ್ ಯಂತ್ರ ಒಂದೇ. ‘ನಿಮ್ಮ ವಸ್ತುಗಳನ್ನು ಚೀಲದಲ್ಲಿಡಿ’ ಎಂದು ಅದು ಹೇಳುತ್ತಿತ್ತು. ‘ಇಟ್ಟೆ’ ಎಂದು ಇವಳು ಹೇಳುತ್ತಿದ್ದಳು. ಅಷ್ಟರಲ್ಲಿ ಹಿಂದಿನವರು ಕೆಮ್ಮುತ್ತಿದ್ದರು. ಹೋದ ತಿಂಗಳು ಹಲ್ಲಿನ ವೈದ್ಯರಲ್ಲಿಗೆ ಹೋದಾಗ ಕೌಂಟರಿನ ಹುಡುಗಿ, ಏನಾದರೂ ಹೆಚ್ಚುಕಡಿಮೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದಳು. ಕೆಂಡ್ರಾ ಕಾನ್ಸಸ್‌ನಲ್ಲಿದ್ದ ತಾಯಿಯ ಹೆಸರು ಹೇಳಿದಳು. “ಅವರು ಬರೋ ಹೊತ್ತಿಗೆ ನಿಮ್ಮ ಬಾಯಿ ಮರಗಟ್ಟಿದ್ದು ಇಳಿದೇ ಹೋಗಿರತ್ತಲ್ಲ. ಈ ಊರಲ್ಲಿ ಯಾರೂ ಇಲ್ವಾ?” ಎಂದಳು ಆ ಹುಡುಗಿ. ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅದು ಹಲ್ಲಿಗಿಂತ ಹೆಚ್ಚು ನೋಯಿಸಿತು.

ಆಗ ನೆನಪಾದದ್ದು ಥೀಟಾ ರೋ. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಇಂಥ ಸಂಘಗಳನ್ನು ಹುಡುಗಿಯರು ಕಾಲೇಜಿನ ಮೊದಲ ವರ್ಷವೇ ಸೇರುತ್ತಾರೆ. ಒಂದೇ ಮನೆಯಲ್ಲಿ ವಾಸ, ಒಬ್ಬರ ಬಟ್ಟೆ ಇನ್ನೊಬ್ಬರ ಮೈಮೇಲೆ, ಗುಟ್ಟಿನ ಹಾಡು, ಗುಟ್ಟಿನ ಕೈಕುಲುಕು. ಅಲ್ಲಿಂದ ಮುಂದೆ ಸಾಯುವ ತನಕ ಅಕ್ಕತಂಗಿಯರು. ಒಂದು ಸಂಘಕ್ಕೆ ದೀಕ್ಷೆ ಪಡೆದವಳು ಈ ಜನ್ಮದಲ್ಲಿ ಇನ್ನೊಂದಕ್ಕೆ ಸೇರುವಂತಿಲ್ಲ. ಗಂಡನನ್ನು ಬಿಡಬಹುದು, ಧರ್ಮ ಬಿಡಬಹುದು, ಸೆನೆಟರುಗಳು ಪಕ್ಷವನ್ನೇ ಬಿಟ್ಟ ಉದಾಹರಣೆಗಳಿವೆ. ಸೋದರಿ ಸಂಘ ಬಿಟ್ಟು ಇನ್ನೊಂದನ್ನು ಸೇರಿದ ಉದಾಹರಣೆ ಇಲ್ಲ. ಓದು ಮುಗಿದವರಿಗೂ ಊರೂರಲ್ಲಿ ಶಾಖೆಗಳಿರುತ್ತವೆ. ಪಿಯೋರಿಯಾದ ಥೀಟಾ ರೋ ಶಾಖೆಗೆ ಕೆಂಡ್ರಾ ಬರೆದಳು. ಮರುದಿನವೇ ಉತ್ತರ ಬಂತು: ‘ಸ್ಥಾಪಕಿಯರ ದಿನದ ಊಟಕ್ಕೆ ತಪ್ಪದೇ ಬಾ. ಒಂದು ಅಡುಗೆ ತಾ.’ ಕೆಂಡ್ರಾ ಕುಣಿಯುವಷ್ಟು ಹಿಗ್ಗಿದಳು. ಆದರೆ ಹಿಗ್ಗನ್ನು ತೋರಿಸಿಕೊಳ್ಳುವುದು ಅವಳ ಸೀಮೆಯಲ್ಲಿ ಸಭ್ಯತೆಯಲ್ಲವಾದ್ದರಿಂದ, ‘ಬರೋದಕ್ಕೆ ನೋಡ್ತೀನಿ’ ಎಂದಷ್ಟೇ ಬರೆದಳು.

ಮೆಟ್ಟಿಲ ಬುಡದಲ್ಲಿ ಎರಡು ಬಾಗಿಲುಗಳಿದ್ದವು. ಎಡಗಡೆಯ ಬಾಗಿಲ ಹಿಂದೆ ಹತ್ತಾರು ಹೆಂಗಸರು ಒಟ್ಟಿಗೆ ನಗುತ್ತಿದ್ದರು. ಬಲಗಡೆಯದರ ಹಿಂದೆ ಸದ್ದೇ ಇರಲಿಲ್ಲ. ಎರಡರ ಮೇಲೂ ಕಾಗದ ಅಂಟಿಸಿದ್ದರು, ಮಂಜು ಹಿಡಿದ ಕನ್ನಡಕಕ್ಕೆ ಎರಡೂ ಬಿಳಿಯ ಮೋಡ. ಅಂಗೈ ಸುಡುತ್ತಿತ್ತು. ಗೆಳತಿಯನ್ನು ಹುಡುಕಿಕೊಂಡು ಬಂದವಳು ನಗು ಕೇಳುವ ಬಾಗಿಲನ್ನು ಬಿಟ್ಟು ನಗು ಕೇಳದ ಬಾಗಿಲನ್ನು ತಟ್ಟುವಳೇ? ಎಡಗಡೆಯದನ್ನು ಮೊಣಕೈಯಿಂದ ತಳ್ಳಿದಳು.

“ಅಯ್ಯೋ, ಆಲೂಗಡ್ಡೆ!” ಎಂದು ಒಂದು ದನಿ ಕೂಗಿತು. ಪಾತ್ರೆ ಕೈಯಿಂದ ಮಾಯವಾಯಿತು. ಕೈ ಖಾಲಿಯಾದದ್ದೇ ತಡ, ಲ್ಯಾವೆಂಡರ್ ಪೌಡರಿನ ಘಮದ ಎರಡು ತೋಳು ಅವಳನ್ನು ಬಾಚಿ ತಬ್ಬಿದವು. ಆ ಊರಿನಲ್ಲಿ ಮೊದಲು ಅಪ್ಪಿಕೊಳ್ಳುತ್ತಾರೆ, ಹೆಸರನ್ನು ಆಮೇಲೆ ಕೇಳುತ್ತಾರೆ. ಅಲ್ಲದೆ ಪಾತ್ರೆ ಒಳಗೆ ಹೋದ ಮೇಲೆ ಪಾತ್ರೆಯ ಒಡತಿ ಹೊರಗೆ ನಿಲ್ಲುವುದು ಶಾಸ್ತ್ರಕ್ಕೇ ಒಗ್ಗುವುದಿಲ್ಲ.

“ನಾನು ವರ್ನಾ, ಇಲ್ಲಿನ ಅಧ್ಯಕ್ಷೆ. ನೀನು ಯಾರ ಮಗು ಚಿನ್ನಾ?” ಎಂದು ಆ ತೋಳುಗಳ ಒಡತಿ ಕೇಳಿದರು. ಎಪ್ಪತ್ತು ದಾಟಿದ, ದಿಂಬಿನಂಥ ಹೆಂಗಸು.

“ಕೆಂಡ್ರಾ, ಅಕ್ಕಾ. ಹೊಸಬಳು.”

“ಹೊಸಬಳು! ಕೇಳಿದ್ರೇನ್ರೇ? ಮೊಣಕಾಲು ನೆಟ್ಟಗಿರೋ ಒಬ್ಬ ಹೊಸಬಳು ಬಂದಿದಾಳೆ! ಪೈಪರ್, ಪಕ್ಕ ಜಾಗ ಮಾಡೇ.”

ಪೈಪರ್ ಎಂಬವಳು ಜಾಗ ಮಾಡಿದಳು. ಆ ಕೋಣೆಯಲ್ಲಿ ಕೆಂಡ್ರಾಳ ಓರಗೆಯವಳು ಅವಳೊಬ್ಬಳೇ. ಕೆಂಪು ಕೂದಲು, ಮೂಗಿನ ಮೇಲೆ ರಾಗಿ ಚೆಲ್ಲಿದಂತೆ ಮಚ್ಚೆಗಳು. ಕುಳಿತು, ಸುಧಾರಿಸಿಕೊಂಡು, ಕೆಂಡ್ರಾ ಕನ್ನಡಕ ಒರೆಸಿಕೊಂಡು ಹಾಕಿದಳು. ಎದುರಿನ ಗೋಡೆಗೆ ಇಳಿಬಿಟ್ಟಿದ್ದ ರೇಷ್ಮೆ ಬಾವುಟದ ಮೇಲೆ ಬಂಗಾರದ ಅಕ್ಷರ ಹೊಳೆದವು: ಲ್ಯಾಂಬ್ಡಾ ಮ್ಯೂ.

ಕೆಂಡ್ರಾ ಕನ್ನಡಕವನ್ನು ಇನ್ನೊಮ್ಮೆ ಒರೆಸಿ ಹಾಕಿಕೊಂಡಳು, ಅಕ್ಷರ ಬದಲಾಗಲಿಲ್ಲ.

ಬೇರೆ ಯಾವ ಸಂಘವಾಗಿದ್ದರೂ ಚಿಂತೆಯಿರಲಿಲ್ಲ. ಲ್ಯಾಂಬ್ಡಾ ಮ್ಯೂ ಎಂದರೆ ಥೀಟಾ ರೋದವರಿಗೆ ಹಾವು ಮುಂಗುಸಿಯ ಸಂಬಂಧ. ಕಾಲೇಜಿನ ನಾಲ್ಕು ವರ್ಷವೂ ಪ್ರತಿ ಶುಕ್ರವಾರ ಇವರ ಮನೆಯ ಮುಂದೆ ನಿಂತು ಇವರ ನಡತೆಯ ಬಗ್ಗೆ ಒಂದು ಹಾಡು ಹೇಳಿದವಳು ಅವಳು. ಆ ಹಾಡಿನ ಮೂರನೆಯ ಸಾಲು ಈಗ ನೆನಪಾಗಿ, ಎದುರಿಗೆ ಕುಳಿತ ಅಜ್ಜಿಯರ ಮುಖ ನೋಡಿ ಕಿವಿ ಬಿಸಿಯಾಯಿತು. ತಪ್ಪು ಕೋಣೆ, ಕ್ಷಮಿಸಿ ಎಂದು ಎದ್ದು ಹೋಗುವುದೇ ಸರಿ ಎಂದುಕೊಂಡು ಕುರ್ಚಿಯನ್ನು ಹಿಂದೆ ಸರಿಸಿದಳು.

ಪೈಪರ್ ಅವಳ ಕಿವಿಯತ್ತ ಬಾಗಿದಳು. “ಆ ಹಸಿರು ಜೆಲ್ಲಿ ಹತ್ರ ಹುಷಾರು ಕಣೇ. ಪ್ರತಿ ವರ್ಷ ಬರತ್ತೆ. ಯಾರೂ ತಿನ್ನಲ್ಲ. ನನಗನ್ಸತ್ತೆ, ಇಲ್ಲಿ ಎಲ್ಲರಿಗಿಂತ ಹಳೇ ಸದಸ್ಯೆ ಅದೇ.”

ಕ್ಯಾರೆಟ್ ಎಳೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಜೆಲ್ಲಿ ಮೇಜಿನ ನಡುವೆ ಗಾಂಭೀರ್ಯದಿಂದ ತಲೆದೂಗುತ್ತಿತ್ತು. ಕೆಂಡ್ರಾಗೆ ನಗು ಬಂತು. ಬಹಳ ದಿನಗಳಿಂದ ಬಳಸದ ನಗುವಾದ್ದರಿಂದ ಹೊರಬರುವಾಗ ಕೀರಲು ಸದ್ದು ಮಾಡಿತು. ಪೈಪರ್‌ಗೂ ಅದೇ ಬಗೆಯ ನಗು ಬಂತು. ಇಬ್ಬರೂ ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ಕುರ್ಚಿ ಮತ್ತೆ ಮುಂದೆ ಸರಿಯಿತು. ಮನುಷ್ಯರು ಶತ್ರುಪಾಳೆಯದಲ್ಲಿ ಉಳಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

“ಗುರುವಾರ ಏನು ಮಾಡ್ತೀಯ?” ಎಂದಳು ಪೈಪರ್, ಹ್ಯಾಮ್ ಎಂಬ ಹಂದಿಮಾಂಸದ ಹೋಳನ್ನು ಕೆಂಡ್ರಾಳ ತಟ್ಟೆಗೆ ಹಾಕುತ್ತ.

“ಬಟ್ಟೆ ಒಗೀತೀನಿ.”

“ಬುಧವಾರ?”

“ಗುರುವಾರ ಒಗೆಯೋ ಬಟ್ಟೇನ ಬೇರೆ ಮಾಡ್ತೀನಿ.”

“ದೇವರೇ, ನಾನೊಬ್ಬಳೇ ಅಂದ್ಕೊಂಡಿದ್ದೆ,” ಎಂದು ಪೈಪರ್ ಫೋರ್ಕನ್ನು ಕೆಳಗಿಟ್ಟಳು. “ಗುರುವಾರ ನಮ್ಮನೇಗೆ ಬಾ. ಸಾವಿರ ತುಂಡಿನ ಚಿತ್ರ ಜೋಡಿಸ್ತಾ ಇದೀನಿ, ಪೂರಾ ಆಕಾಶಾನೇ. ನೀಲಿ ಬಿಟ್ರೆ ಬೇರೇನಿಲ್ಲ. ಹುಚ್ಚು ಹಿಡಿಯೋದ್ರಲ್ಲಿದೆ. ಬಟ್ಟೆ ತಗೊಂಡೇ ಬಾ, ನಮ್ಮಲ್ಲಿ ಮಷೀನಿದೆ.”

ಕೆಂಡ್ರಾಳ ಬಾಯಲ್ಲಿದ್ದ ಹ್ಯಾಮ್ ಅಲ್ಲೇ ನಿಂತಿತು. ಪಿಯೋರಿಯಾಕ್ಕೆ ಬಂದಂದಿನಿಂದ ಇಂಥ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಒಬ್ಬಳು ತನ್ನ ಬಟ್ಟೆ ಒಗೆಯುವ ಯಂತ್ರವನ್ನು ಬಿಟ್ಟುಕೊಡುತ್ತಿದ್ದಾಳೆ! ಇನ್ನು ಬಾವುಟದ ಮೇಲೆ ಏನು ಬರೆದಿದ್ದರೇನು? ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂದು ನಿರ್ಧರಿಸಿ, “ಬರ್ತೀನಿ,” ಎಂದಳು. ನೋಡ್ತೀನಿ ಎನ್ನಲಿಲ್ಲ.

ಎದುರುಗಡೆಯಿಂದ ಡಾರ್ಲಾ ಎಂಬಾಕೆ ಕುತ್ತಿಗೆ ಚಾಚಿದರು. ಐವತ್ತರ ಆಸುಪಾಸು, ಸರಪಳಿಗೆ ಕಟ್ಟಿದ ಕನ್ನಡಕ, ಊರಿನ ಸಮಸ್ತ ವಂಶಾವಳಿ ನಾಲಗೆಯ ತುದಿಯಲ್ಲಿ. “ನೀನು ಎಲ್ಲಿ ದೀಕ್ಷೆ ತಗೊಂಡಿದ್ದು ತಂಗಿ?”

ಕಾನ್ಸಸ್ ಎಂದರೆ ಮುಂದಿನ ಪ್ರಶ್ನೆಗೇ ಸಿಕ್ಕಿಬೀಳುವುದು ಖಂಡಿತ. ಯಾರೂ ಹೋಗದ, ಯಾರಿಗೂ ನೆಂಟರಿರದ ರಾಜ್ಯವೊಂದನ್ನು ಕೆಂಡ್ರಾ ಮನಸ್ಸಿನಲ್ಲೇ ತಡಕಾಡಿದಳು. “ಮೊಂಟಾನಾದಲ್ಲಿ, ಅಕ್ಕಾ. ಬೆಟ್ಟದ ಕಡೆ.”

“ಮೊಂಟಾನಾ!” ಡಾರ್ಲಾ ಎದೆಯ ಮೇಲೆ ಕೈಯಿಟ್ಟುಕೊಂಡರು. “ನಮ್ಮ ಚಿಕ್ಕಪ್ಪನ ಮೊಮ್ಮಗಳು ಮಿಸ್ಸಿ ಅಲ್ಲೇ ಇದ್ದಿದ್ದು! ನಿನ್ನ ವಯಸ್ಸೇ! ತಡಿ, ಈಗಲೇ ಫೋನ್ ಮಾಡ್ತೀನಿ.”

“ಊಟದ ಹೊತ್ನಲ್ಲಿ ಯಾಕೆ ತೊಂದ್ರೆ ಅಕ್ಕಾ...”

“ತೊಂದ್ರೆ ಏನ್ ಬಂತು? ಸೋದರಿಯರಿಗೆ ಸೋದರಿಯರು ಸಿಗೋದಕ್ಕಿಂತ ಸಂತೋಷ ಇನ್ನೇನಿದೆ? ಇಲ್ಲಿ ಸಿಗ್ನಲ್ ಬರಲ್ಲ, ಮೇಲೆ ಹೋಗಿ ಮಾಡ್ತೀನಿ,” ಎನ್ನುತ್ತ ಡಾರ್ಲಾ ಮೆಟ್ಟಿಲೇರಿಬಿಟ್ಟರು.

ಕೆಂಡ್ರಾ ಐಸ್ ಟೀಯನ್ನು ಕಷಾಯದಂತೆ ಕುಡಿದಳು. ಅಷ್ಟರಲ್ಲಿ ವರ್ನಾ ಚಮಚದಿಂದ ಲೋಟ ಬಡಿದು ಎಲ್ಲರನ್ನೂ ಎಬ್ಬಿಸಿದರು. ಸಂಘದ ಗೀತೆ ಶುರುವಾಯಿತು. ಗೊತ್ತಿಲ್ಲದ ಗೀತೆಯನ್ನು ಗೊತ್ತಿದ್ದವರ ನಡುವೆ ನಿಂತು ಹಾಡುವುದಕ್ಕೆ ಒಂದು ವಿಶೇಷ ಕಲೆ ಬೇಕು. ಕೆಂಡ್ರಾ ದಡಕ್ಕೆ ಬಿದ್ದ ಮೀನಿನಂತೆ ಬಾಯಿ ತೆರೆದು ಮುಚ್ಚಿದಳು. ಪೈಪರ್ ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು: “ಸಾಲಿನ ಕೊನೇ ಅಕ್ಷರ ಜೋರಾಗಿ ಹೇಳು, ಸಾಕು. ಮಿಕ್ಕಿದ್ದು ಪಿಯಾನೋ ನೋಡ್ಕೊಳತ್ತೆ.”

ಆ ಉಪಾಯ ಚೆನ್ನಾಗಿ ನಡೆಯಿತು. ಹಾಡು ಮುಗಿಯುವುದಕ್ಕೂ ಡಾರ್ಲಾ ಕೆಳಗಿಳಿಯುವುದಕ್ಕೂ ಸರಿಹೋಯಿತು. ಆಕೆಯ ಮುಖ ಅರಳಿತ್ತು. ಕೆಂಡ್ರಾ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿದಳು.

“ಮಿಸ್ಸಿಗೆ ನೀನು ಚೆನ್ನಾಗಿ ನೆನಪಿದೀಯಂತೆ!”

“ನಾನಾ?”

“ನೀನೇ! ಹೆಸರು ಹೇಳಿದ್ದೇ ತಡ, ‘ಓಹೋ, ಕೆಂಡ್ರಾ! ಎಂಥಾ ಒಳ್ಳೇ ಹುಡುಗಿ’ ಅಂದ್ಳು. ಗೊತ್ತಿಲ್ಲ ಅಂದ್ರೆ ಬೇಜಾರಾಗತ್ತೆ ಅಂತ ಸುಳ್ಳು ಹೇಳೋಳಲ್ಲ ಅವಳು, ನಿಜವಾಗ್ಲೂ ನೆನಪಿದೆ ಅವಳಿಗೆ. ಆ ಹುಡುಗಿ ಹಾಡ್ತಿದ್ಳಲ್ವಾ ಅಂದೆ, ಹೌದು ಹೌದು, ಹಾಡ್ತಿದ್ಳು ಅಂದ್ಳು. ಎಷ್ಟು ವಿನಯ ನೋಡ್ರೇ ಈ ಹುಡುಗೀದು, ಒಂದು ಮಾತು ಹೇಳ್ಲಿಲ್ಲ!”

ಮಿಸ್ಸಿ ಎಂಬ ಆ ಪುಣ್ಯಾತ್ಗಿತ್ತಿ ಯಾರಿಗೂ ಇಲ್ಲ ಎನ್ನಲಾರದ ವಂಶದಲ್ಲಿ ಹುಟ್ಟಿದವಳೆಂಬುದು ಕೆಂಡ್ರಾಗೆ ಅರ್ಥವಾಯಿತು. ಬೀಸಿದ ದೊಣ್ಣೆ ತಪ್ಪಿತು ಎಂದು ಉಸಿರು ಬಿಡುವಷ್ಟರಲ್ಲಿ ವರ್ನಾ ಚಪ್ಪಾಳೆ ತಟ್ಟಿದರು.

“ಹಾಗಾದ್ರೆ ಎರಡನೇ ಚರಣ ಇವಳೊಬ್ಬಳೇ ಹಾಡ್ಲಿ! ಲೊರೇನ್ ತೀರಿಕೊಂಡ ಮೇಲೆ ಅದನ್ನ ಯಾರೂ ಹಾಡೇ ಇಲ್ಲ. ಎದ್ದೇಳು ಚಿನ್ನಾ.”

ಪಿಯಾನೋದ ಹಿಂದೆ ಕುಳಿತ ಹೆಂಗಸು ಬೆರಳಿನ ನೆಟಿಕೆ ಮುರಿದು ಸಿದ್ಧಳಾದಳು. ಎಲ್ಲರ ತಲೆಗಳೂ ಕೆಂಡ್ರಾಳತ್ತ ತಿರುಗಿದವು. ಅವಳು ಎದ್ದು ನಿಂತಳು. ಗಂಟಲಿಗೆ ಬಂದದ್ದು ಒಂದೇ ಹಾಡು: ಲ್ಯಾಂಬ್ಡಾ ಮ್ಯೂದವರ ನಡತೆಯ ಬಗೆಗಿನ ಶುಕ್ರವಾರದ ಹಾಡು.

“ವರ್ನಕ್ಕಾ, ಅವಳ ಗಂಟಲು ಕೆಟ್ಟಿದೆ,” ಎಂದಳು ಪೈಪರ್ ಎದ್ದು ನಿಂತು. “ಈಗ ತಾನೇ ಹೇಳ್ತಿದ್ಳು. ಬೆಳಗ್ಗೆಯಿಂದ ಜೇನು ನೆಕ್ತಾ ಇದಾಳಂತೆ. ಪಾಪ, ನಿಮಗೆ ಬೇಜಾರಾಗತ್ತೆ ಅಂತ ಎದ್ದು ನಿಂತಿದಾಳೆ.”

ಕೆಂಡ್ರಾ ಕೆಮ್ಮಿದಳು. ಆ ಕೆಮ್ಮಿಗೆ ಸಭೆ ಕರಗಿಹೋಯಿತು. ನಾಲ್ಕು ಕಡೆಯಿಂದ ನಾಲ್ಕು ಬಗೆಯ ಕೆಮ್ಮಿನ ಮಿಠಾಯಿ ಬಂದು ಬಿದ್ದವು. ಮೇಜಿನ ಕೆಳಗೆ ಅವಳು ಪೈಪರ್‌ಳ ಕೈ ಹಿಸುಕಿದಳು. “ನಿನ್ನ ಋಣ ತೀರಿಸ್ತೀನಿ,” ಎಂದಳು.

“ತೀರಿಸೋದೇನು ಬೇಡ, ಬರೋವಾಗ ಸೋಪಿನ ಪುಡಿ ತಗೊಂಡು ಬಾ,” ಎಂದಳು ಪೈಪರ್.

ಆ ಗಳಿಗೆಯಲ್ಲಿ ಪಿಯೋರಿಯಾದಲ್ಲಿ ಕೆಂಡ್ರಾಗಿಂತ ಸುಖಿ ಇನ್ನೊಬ್ಬಳಿರಲಿಲ್ಲ.

ಊಟದ ನಂತರ, ಸಿಹಿಗೆ ಮೊದಲು, ದೀಪಗಳನ್ನು ಆರಿಸಿ ಮೇಣದ ಬತ್ತಿ ಹಚ್ಚುವ ವಿಧಿ. ಎಲ್ಲರೂ ವೃತ್ತಾಕಾರವಾಗಿ ನಿಂತರು. ಓಪಲ್ ಎಂಬ ತೊಂಬತ್ತು ದಾಟಿದ ಅಜ್ಜಿ ಮಾತ್ರ ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ಮೈಯಲ್ಲಿ ಮಾಂಸಕ್ಕಿಂತ ಮುತ್ತಿನ ಹಾರವೇ ಹೆಚ್ಚಿತ್ತು. ಗುಟ್ಟಿನ ಕೈಕುಲುಕನ್ನು ಓಪಲಜ್ಜಿ ಎಡಗಡೆಯವಳಿಗೆ ಕೊಡಬೇಕು, ಅವಳು ಮುಂದಿನವಳಿಗೆ, ಹೀಗೆ ಸುತ್ತು ತಿರುಗಿ ಅದು ಬಲಗಡೆಯಿಂದ ಅಜ್ಜಿಯ ಕೈಗೇ ಬರಬೇಕು. ಬಂದಾಗ ಅಜ್ಜಿ, “ಬಳ್ಳಿ ಕಡಿದಿಲ್ಲ,” ಎನ್ನಬೇಕು. ಆಮೇಲೆ ಎಲ್ಲರೂ ಅಳಬೇಕು. ಆಮೇಲೆ ಸಿಹಿ.

ಕೆಂಡ್ರಾಳ ಒಂದು ಪಕ್ಕ ಪೈಪರ್, ಇನ್ನೊಂದು ಪಕ್ಕ ಡಾರ್ಲಾ, ಡಾರ್ಲಾ ಅವರ ಆಚೆ ಓಪಲಜ್ಜಿ. ಕೆಲಸ ಸುಲಭವಿತ್ತು. ಪೈಪರ್ ಏನು ಕೊಡುತ್ತಾಳೋ ಅದನ್ನೇ ಡಾರ್ಲಾಗೆ ದಾಟಿಸಿದರೆ ಮುಗಿಯಿತು. ಕತ್ತಲಲ್ಲಿ ಮೇಣದ ಬತ್ತಿಗಳು ಮಿನುಗಿದವು. ಪೈಪರ್‌ಳ ಕೈ ಬಂತು. ಹೆಬ್ಬೆರಳಿನಿಂದ ಎರಡು ಸಲ ಒತ್ತಿ, ಕಿರುಬೆರಳನ್ನು ಕೊಂಡಿ ಹಾಕಿತು. ಕೆಂಡ್ರಾ ಅದನ್ನು ಮನನ ಮಾಡಿಕೊಂಡು ಡಾರ್ಲಾ ಅವರತ್ತ ತಿರುಗಿದಳು.

ಆದರೆ ನಾಲ್ಕು ವರ್ಷ ಮೇಣದ ಬತ್ತಿಯ ಬೆಳಕಿನಲ್ಲಿ ಒಂದೇ ರೀತಿ ಪಳಗಿದ ಕೈ ಯಜಮಾನಿಯ ಮಾತು ಕೇಳುವುದಿಲ್ಲ. ದಿನವೂ ಲಾಯಕ್ಕೆ ಹೋಗುವ ಕುದುರೆಯಂತೆ ಅದು ತನ್ನ ದಾರಿಯನ್ನೇ ಹಿಡಿಯಿತು. ಮಣಿಕಟ್ಟನ್ನು ಹಿಡಿದು, ಮೂರು ಬೆರಳು ಮಡಿಸಿ, ಅಂಗೈಗೆ ಒಮ್ಮೆ ಮೆಲ್ಲಗೆ ಗುದ್ದಿತು. ಥೀಟಾ ರೋದ ಕೈಕುಲುಕು, ಲೋಪವಿಲ್ಲದೆ.

ಡಾರ್ಲಾ ಕಣ್ಣು ಪಿಳಿಪಿಳಿ ಮಾಡಿದರು. ಆದರೂ ಬಂದದ್ದನ್ನು ಬಂದಂತೆ ದಾಟಿಸುವುದು ವಿಧಿಯಾದ್ದರಿಂದ ಅಜ್ಜಿಯ ಅಂಗೈಗೆ ಗುದ್ದಿದರು.

ಓಪಲಜ್ಜಿ ತಮ್ಮ ಅಂಗೈಯನ್ನೇ ನೋಡಿಕೊಂಡರು. “ಇದು ನಾನು ಕಳಿಸಿದ್ದಲ್ಲ,” ಎಂದರು.

ಒಬ್ಬರು ದೀಪ ಹಾಕಿದರು. ಅಜ್ಜಿಯ ದನಿ ಏರಲಿಲ್ಲ. “ಬಳ್ಳಿ ಕಡಿದಿದೆ. ಯಾರ ಹತ್ರ ಕಡೀತು?”

“ನಾನು ಬಂದಿದ್ದನ್ನೇ ಕೊಟ್ಟೆ ಓಪಲಮ್ಮಾ!” ಎಂದರು ಡಾರ್ಲಾ. “ನಂಗೆ ಕೊಟ್ಟಿದ್ದು ಈ ಮಗು. ಈ ಮಗೂನ ಮಿಸ್ಸೀಗೆ ಚೆನ್ನಾಗಿ ಗೊತ್ತು, ಇವಳದೇನೂ ತಪ್ಪಿರಲ್ಲ. ಇವಳಿಗೇ ತಪ್ಪಾಗಿ ಬಂದಿರಬೇಕು.” ಡಾರ್ಲಾ ಅವರ ಕಣ್ಣು ಕೆಂಡ್ರಾಳನ್ನು ದಾಟಿ ಪೈಪರ್‌ಳ ಮೇಲೆ ನೆಟ್ಟಿತು. “ಹೇಳಬಾರದು ಅಂತಿದ್ದೆ. ಇವಳು ಹಾಡೋವಾಗ ಬರೀ ಕೊನೇ ಅಕ್ಷರ ಹೇಳೋದನ್ನ ನಾನು ಹೋದ ವರ್ಷಾನೇ ಗಮನಿಸಿದೀನಿ.”

ಪೈಪರ್‌ಳ ಮುಖದಲ್ಲಿ ಮಚ್ಚೆಗಳಷ್ಟೇ ಉಳಿದವು, ಬಣ್ಣವೆಲ್ಲ ಇಳಿದುಹೋಗಿತ್ತು.

ಅಜ್ಜಿ ಕೆಂಡ್ರಾಳ ಕಡೆ ಬೆರಳು ಮಾಡಿದರು. “ಮಗಳೇ, ನೀನು ಹೇಳು. ಪೈಪರ್ ನಿನಗೆ ಕೊಟ್ಟಿದ್ದು ಏನು? ನೀನು ಡಾರ್ಲಾಗೆ ಕೊಟ್ಟಿದ್ದೇನಾ?”

ಹೌದು ಎಂಬ ಒಂದು ಮಾತು ಸಾಕಿತ್ತು. ಬಾವುಟದ ಕೆಳಗೆ ಕೆಂಡ್ರಾಳ ಕುರ್ಚಿ ಭದ್ರವಾಗುತ್ತಿತ್ತು. ಪೈಪರ್ ಹೊರಗೆ ಹೋಗುತ್ತಿದ್ದಳು. ಅಷ್ಟು ಜನ ಅಕ್ಕಂದಿರು, ವರ್ಷವಿಡೀ ಹ್ಯಾಮ್, ಮೊಂಟಾನಾದಲ್ಲಿ ಒಬ್ಬ ಮಿಸ್ಸಿ. ಆದರೆ ಗುರುವಾರ? ಕೆಂಡ್ರಾ ಬಂದದ್ದು ಏಕವಚನಕ್ಕಾಗಿ.

“ಪೈಪರ್ ಕೊಟ್ಟಿದ್ದು ಸರಿಯಾಗಿತ್ತು,” ಎಂದಳು. “ಕಡಿದದ್ದು ನನ್ನ ಹತ್ರ. ನಾನು... ನಾನು ಥೀಟಾ ರೋದವಳು.”

ಹಸಿರು ಜೆಲ್ಲಿ ಕೂಡ ತಲೆದೂಗುವುದನ್ನು ನಿಲ್ಲಿಸಿತು.

“ಬಾಗಿಲು ತಪ್ಪಿ ಬಂದೆ ಅಕ್ಕಾ. ಹೋಗಬೇಕಿತ್ತು, ಹೋಗ್ಲಿಲ್ಲ. ನೀವೆಲ್ಲ ನಗ್ತಾ ಇದ್ರಿ.”

“ಮತ್ತೆ ಮಿಸ್ಸಿ?” ಎಂದರು ಡಾರ್ಲಾ ನೊಂದ ದನಿಯಲ್ಲಿ. “ಅವಳಿಗೆ ನೀನು ನೆನಪಿದೀಯಲ್ಲೇ!”

ವರ್ನಾ ಮುಂದೆ ಬಂದು ಕೆಂಡ್ರಾಳ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. “ನಿನ್ನ ಮೇಲೆ ನಮಗೇನೂ ಕೋಪ ಇಲ್ಲ ಚಿನ್ನಾ. ನೀನು ಒಳ್ಳೇ ಹುಡುಗಿ. ಆಲೂಗಡ್ಡೆ ಎಷ್ಟು ರುಚಿಯಾಗಿತ್ತು ಅಂದ್ರೆ ನಾನು ಮೂರು ಸಲ ಹಾಕ್ಕೊಂಡೆ. ಆದ್ರೆ ಮೇಣದ ಬತ್ತಿ ಹಚ್ಚಿದ ಮೇಲೆ ಹೊರಗಿನೋರು ಇರೋ ಹಾಗಿಲ್ಲ. ಹೊರಡು, ಪುಟ್ಟಾ.”

ಆ ಸೀಮೆಯಲ್ಲಿ ಅತಿಥಿ ‘ಹೊರಟೆ’ ಎನ್ನುವುದಕ್ಕೂ ನಿಜವಾಗಿ ಹೊರಡುವುದಕ್ಕೂ ನಡುವೆ ಒಂದು ಮಧ್ಯಾಹ್ನವೇ ಕಳೆದುಹೋಗುತ್ತದೆ. ಬಾಗಿಲ ಬಳಿ ಒಂದು ಸುತ್ತು ಮಾತು, ಬಾಗಿಲ ಆಚೆ ಒಂದು ಸುತ್ತು, ಮೆಟ್ಟಿಲ ಬಳಿ ಇನ್ನೊಂದು. ಬಹಿಷ್ಕಾರವೆಂದು ಈ ಸಂಪ್ರದಾಯಕ್ಕೆ ರಿಯಾಯಿತಿ ಸಿಗಲಿಲ್ಲ. ಒಬ್ಬರು ಪಾತ್ರೆ ತೊಳೆದು ಒರೆಸಿ ತಂದರು. ಇನ್ನೊಬ್ಬರು ಬರಿಯ ಪಾತ್ರೆ ಕೊಡಬಾರದೆಂದು ನಿಂಬೆಯ ಸಿಹಿಯನ್ನು ಅದರಲ್ಲಿ ತುಂಬಿದರು. ಒಬ್ಬೊಬ್ಬರೂ ಸರದಿಯಲ್ಲಿ ಬಂದು ತಬ್ಬಿಕೊಂಡರು. ರಸ್ತೆಯಲ್ಲಿ ಜಿಂಕೆ ಅಡ್ಡ ಬರುತ್ತವೆ, ನಿಧಾನವಾಗಿ ಓಡಿಸು ಎಂದು ಡಾರ್ಲಾ ಎಚ್ಚರಿಸಿದರು. “ಥೀಟಾ ರೋದವರಲ್ಲೂ ಒಳ್ಳೆಯೋರು ಇರ್ತಾರೆ ಅಂತ ನಮ್ಮಮ್ಮ ಹೇಳ್ತಿದ್ದಳು, ನಾನು ನಂಬಿರಲಿಲ್ಲ,” ಎಂದು ಓಪಲಜ್ಜಿ ಹೇಳಿ ಕೆನ್ನೆ ತಟ್ಟಿದರು. ಇಷ್ಟು ಪ್ರೀತಿಯಿಂದ ಯಾರನ್ನೂ ಯಾವ ಸಭೆಯಿಂದಲೂ ಹೊರಹಾಕಿದ್ದಿರಲಾರದು.

ಪೈಪರ್ ಮಾತ್ರ ಬಾಗಿಲಿಗೆ ಬರಲಿಲ್ಲ. ಮೇಜಿನ ಆಚೆ ಕುಳಿತು ಐಸ್ ಟೀಯೊಳಗಿನ ನಿಂಬೆಹೋಳನ್ನು ನೋಡುತ್ತಿದ್ದಳು.

ಹೊರಗೆ ಬಂದು ಕೆಂಡ್ರಾ ಬಲಗಡೆಯ ಬಾಗಿಲ ಮುಂದೆ ನಿಂತಳು. ಕನ್ನಡಕ ಈಗ ಶುಭ್ರವಾಗಿತ್ತು. ‘ಥೀಟಾ ರೋ, ಸ್ಥಾಪಕಿಯರ ದಿನ, ಸೋದರಿಯರಿಗೆಲ್ಲ ಸ್ವಾಗತ’ ಎಂದು ಕಾಗದದ ಮೇಲೆ ದುಂಡಾಗಿ ಬರೆದಿತ್ತು. ತಡವಾಗಿ ಬಂದದ್ದಕ್ಕೆ ಏನು ಹೇಳುವುದೆಂದು ಯೋಚಿಸುತ್ತ ತಳ್ಳಿದಳು.

ಒಳಗೆ ಯಾರೂ ಇರಲಿಲ್ಲ. ಒಂದು ಬಾವುಟ, ಒಂದು ಉದ್ದನೆಯ ಮೇಜು, ಮುಟ್ಟದ ಕೇಕು, ಸಾಲಾಗಿ ಕುರ್ಚಿಗಳು. ಎರಡು ಕೋಣೆಗಳ ನಡುವೆ ಇದ್ದದ್ದು ಮಡಚುವ ಪ್ಲಾಸ್ಟಿಕ್ ತಡಿಕೆ. ಅದರ ಆಚೆಯಿಂದ ಸಿಹಿಯ ತಟ್ಟೆಗಳ ಸದ್ದು, ಮೆಲ್ಲಗೆ ಮತ್ತೆ ಶುರುವಾದ ನಗು ಒಂದೊಂದೂ ಕೇಳುತ್ತಿತ್ತು. ಎಲ್ಲರೂ ಊಟ ಮುಗಿಸಿ ಹೋಗಿರಬೇಕೆಂದುಕೊಂಡಳು. ಆದರೆ ಯಾವ ತಟ್ಟೆಯೂ ಎಂಜಲಾಗಿರಲಿಲ್ಲ. ಪಾತ್ರೆಯನ್ನು ಮೇಜಿನ ಮೇಲಿಟ್ಟು ಒಂದು ಕುರ್ಚಿಯಲ್ಲಿ ಕುಳಿತಳು. ಮನೆಗೆ ಹೋದರೂ ಕುಳಿತುಕೊಳ್ಳುವುದೇ ತಾನೇ.

ಬಾಗಿಲು ತೆರೆಯಿತು. ಪೈಪರ್ ಒಳಗೆ ನುಸುಳಿ, ಬೆನ್ನಿನಿಂದಲೇ ಬಾಗಿಲು ಮುಚ್ಚಿದಳು.

ಕೆಂಡ್ರಾ ದಡಕ್ಕನೆ ಎದ್ದಳು. “ನನ್ನ ಹುಡುಕ್ಕೊಂಡು ಬಂದ್ಯಾ?”

“ಮೆಲ್ಲಗೆ ಮಾತಾಡು! ತಡಿಕೆ ತೆಳ್ಳಗಿದೆ,” ಎಂದು ಪೈಪರ್ ಹತ್ತಿರ ಬಂದು ಅವಳ ಕೈ ಹಿಡಿದಳು. ಮಣಿಕಟ್ಟನ್ನು ಹಿಡಿದು, ಮೂರು ಬೆರಳು ಮಡಿಸಿ, ಅಂಗೈಗೆ ಒಮ್ಮೆ ಮೆಲ್ಲಗೆ ಗುದ್ದಿದಳು.

ಕೆಂಡ್ರಾ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಪೈಪರ್‌ಳ ಮುಖ ನೋಡಿದಳು. “ನೀನೂ?”

“ನಾನೂ ಅಂದ್ರೇನು, ನಾನೇ! ಪಿಯೋರಿಯಾ ಶಾಖೆ ಅಧ್ಯಕ್ಷೆ ನಾನು. ಕಾರ್ಯದರ್ಶಿ ನಾನು. ನಿನಗೆ ಉತ್ತರ ಬರೆದೋಳೂ ನಾನೇ. ಶಾಖೇಲಿ ಇರೋದೇ ನಾನೊಬ್ಬಳು.” ಪೈಪರ್ ಒಂದು ಕುರ್ಚಿಯ ಅಂಚಿನಲ್ಲಿ ಕುಳಿತಳು. “ಮೂರು ವರ್ಷದ ಹಿಂದೆ ಇದೇ ಕೋಣೇಲಿ ಕೇಕು ಮುಂದಿಟ್ಕೊಂಡು ಕೂತಿದ್ದೆ. ಆ ಕಡೆ ಬರೀ ನಗು. ವರ್ನಕ್ಕ ಕಾಫಿ ಪಾತ್ರೆ ಸಾಲ ಕೇಳೋದಕ್ಕೆ ಬಂದ್ರು. ಕೊಡೋದಕ್ಕೆ ಹೋದೆ. ತಬ್ಕೊಂಡ್ರು. ಅಷ್ಟೇ.”

“ಆದ್ರೆ ಇವತ್ತು ನಾನು ಬರ್ತೀನಿ ಅಂತ ಬರೆದಿದ್ದೆನಲ್ಲ!”

“ಎಲ್ಲಿ ಬರೆದಿದ್ದೆ? ‘ಬರೋದಕ್ಕೆ ನೋಡ್ತೀನಿ’ ಅಂದಿದ್ದೆ. ಬರೋದಕ್ಕೆ ನೋಡ್ತೀನಿ ಅಂದೋಳು ಈ ಸೀಮೇಲಿ ಯಾವತ್ತಾದ್ರೂ ಬಂದಿದ್ದುಂಟಾ? ಅದಕ್ಕೇ ನೀನು ಕೆಂಡ್ರಾ ಅಂದಾಗ ಬೇರೆ ಯಾರೋ ಕೆಂಡ್ರಾ ಅಂದ್ಕೊಂಡೆ.”

ಕೆಂಡ್ರಾಳ ಎದೆಯಲ್ಲಿ ಹಗುರವಾದದ್ದೊಂದು ಮೇಲೇಳತೊಡಗಿತ್ತು. ಸಾಕ್ಷಾತ್ ಸೋದರಿ! ಕೈಕುಲುಕು ಒಂದೇ, ಶುಕ್ರವಾರದ ಹಾಡು ಒಂದೇ. ಸುಳ್ಳು ಹೇಳಬೇಕಾಗಿಲ್ಲ, ಮೊಂಟಾನಾ ಬೇಕಾಗಿಲ್ಲ. “ಹಾಗಾದ್ರೆ ಗುರುವಾರ...”

“ಅದನ್ನೇ ಹೇಳೋದಕ್ಕೆ ಬಂದೆ.” ಪೈಪರ್ ಅವಳ ಭುಜದ ಮೇಲೆ ಕೈಯಿಟ್ಟಳು. “ಗುರುವಾರ ಬರಬೇಡ. ನಮ್ಮನೆ ಎದುರು ಮನೇನೇ ಡಾರ್ಲಾ ಅವರದು. ಥೀಟಾ ರೋದವಳು ಬಟ್ಟೆಗಂಟು ಹೊತ್ಕೊಂಡು ನಮ್ಮ ಮನೆಗೆ ಬಂದಿದ್ದು ಕಂಡ್ರೆ ಅವತ್ತು ಸಾಯಂಕಾಲಾನೇ ನನ್ನ ಕತೆ ಮುಗೀತು. ಈಗ ಸಿಹಿ ಆದ್ಮೇಲೆ ನನ್ನ ಉಪಾಧ್ಯಕ್ಷೆ ಮಾಡ್ತಾರೆ. ಅನುಮಾನ ಪಟ್ಟಿದ್ದಕ್ಕೆ ಡಾರ್ಲಾ ಅವರೇ ಅತ್ಕೊಂಡು ಹೆಸರು ಸೂಚಿಸಿದಾರೆ. ನೀನು ಎಲ್ಲರೆದುರು ನಿಂತು ನನ್ನ ಉಳಿಸಿದೆ ಕಣೇ. ಹಾಗೆ ಯಾರೂ ಯಾರಿಗೂ ಮಾಡಲ್ಲ. ಅದನ್ನ ಈಗ ವ್ಯರ್ಥ ಮಾಡೋದು ಬೇಡ.”

“ಆದ್ರೆ ನೀನು ನಮ್ಮೋಳು,” ಎಂದಳು ಕೆಂಡ್ರಾ.

“ಹೌದು. ಆದ್ರೆ ಅಲ್ಲಿ ಹದಿನಾಲ್ಕು ಜನ ಇದಾರೆ,” ಎಂದಳು ಪೈಪರ್, ದುಃಖದಿಂದಲೇ.

ಆಮೇಲೆ ಅವಳು ಕೈಚೀಲದಿಂದ ಒಂದು ಪುಟ್ಟ ಮರದ ಸುತ್ತಿಗೆಯನ್ನು ತೆಗೆದು ಮೇಜಿನ ಮೇಲೆ ಮೆಲ್ಲಗೆ, ಆಚೆಗೆ ಕೇಳದಂತೆ, ಕುಟ್ಟಿದಳು. ಸಭೆ ಆರಂಭವಾಗಿದೆ ಎಂದಳು. ಅಧ್ಯಕ್ಷೆ ರಾಜೀನಾಮೆ ಕೊಟ್ಟಿದ್ದಾಳೆ ಎಂದಳು. ಕೆಂಡ್ರಾ ವೋಗೆಲ್ ಹೆಸರನ್ನು ತಾನು ಸೂಚಿಸಿರುವುದಾಗಿ, ವಿರೋಧವಿದ್ದವರು ಕೈಯೆತ್ತಬಹುದೆಂದು ಹೇಳಿ ಖಾಲಿ ಕುರ್ಚಿಗಳ ಮೇಲೆ ವಿಧಿಪೂರ್ವಕ ಕಣ್ಣಾಡಿಸಿದಳು. ಹೊರಡಲೆಂದು ಮತ್ತೆ ಎತ್ತಿಕೊಂಡ ಪಾತ್ರೆ ಕೆಂಡ್ರಾಳ ಎರಡೂ ಕೈಯಲ್ಲಿತ್ತು. ಅವಿರೋಧ ಆಯ್ಕೆ ಎಂದು ಪೈಪರ್ ಘೋಷಿಸಿ, ಸುತ್ತಿಗೆಯನ್ನೂ ಕೋಣೆಯ ಕೀಲಿಯನ್ನೂ ನಿಂಬೆಯ ಸಿಹಿಯ ಮೇಲಿಟ್ಟಳು. ಕೆಂಡ್ರಾಳನ್ನು ಬಿಗಿಯಾಗಿ ಅಪ್ಪಿಕೊಂಡಳು. ಅದು ನಿಜವಾದ ಅಪ್ಪುಗೆಯೇ ಆಗಿತ್ತು, ಸಂದೇಹವಿಲ್ಲ. ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು.

ಸ್ವಲ್ಪ ಹೊತ್ತಿಗೆ ತಡಿಕೆಯಾಚೆ ಚಪ್ಪಾಳೆ ಕೇಳಿಬಂತು.

ಥೀಟಾ ರೋ ಪಿಯೋರಿಯಾ ಶಾಖೆಗೆ ಈಗ ಕೆಂಡ್ರಾ ವೋಗೆಲ್ ಅಧ್ಯಕ್ಷೆ. ಸದಸ್ಯೆಯೂ ಅವಳೊಬ್ಬಳೇ.